ಕುದುರೆ ಮೇಲೆ ಯಾರು? ಹಳೇ ಕೌಬಾಯ್ ಸಿನಿಮಾಗಳನ್ನು ತೋರಿಸಿದ ನನ್ನ ಅನುಭವ

ನಮ್ಮದು ತೀರಾ ಸಣ್ಣ ಸಿನಿಮಾ ಗುಂಪು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ವಾಚನಾಲಯದ ಮೇಲಿನ ಹಾಲ್, ಒಂದು ಪ್ರೊಜೆಕ್ಟರ್, ಪ್ಲಾಸ್ಟಿಕ್ ಕುರ್ಚಿಗಳು. ಇಷ್ಟೇ ಬಂಡವಾಳ. ಬರುವವರಲ್ಲಿ ಅರ್ಧ ಕಾಲೇಜು ಹುಡುಗ ಹುಡುಗಿಯರು, ಇನ್ನರ್ಧ ರಿಟೈರ್ ಆದವರು. ಯಾವ ಸಿನಿಮಾ ತೋರಿಸಬೇಕು, ಅದಕ್ಕೆ ಕನ್ನಡ ಸಬ್‌ಟೈಟಲ್ ಹೇಗೆ ಹಾಕಬೇಕು, ಶುರುವಿಗೆ ಮುಂಚೆ ಏನು ಹೇಳಬೇಕು, ಈ ಮೂರೂ ನನ್ನ ಕೆಲಸ. ಅಲ್ಲಿ ಮಾಡಿದ ಒಂದು ಸರಣಿಯ ಬಗ್ಗೆ ಬರೆಯುತ್ತಿದ್ದೇನೆ. ಅಮೆರಿಕದ ಆರಂಭಕಾಲದ, ಕಡಿಮೆ ದುಡ್ಡಿನ ಕೌಬಾಯ್ ಸಿನಿಮಾಗಳಲ್ಲಿ ಬಿಳಿಯರಲ್ಲದವರು ಹೇಗೆ ಕಾಣಿಸಿಕೊಂಡರು ಅನ್ನುವುದು ವಿಷಯ. ನಿಮ್ಮ ಊರಲ್ಲಿ ಯಾರಾದರೂ ಇಂಥದ್ದು ಮಾಡುವುದಾದರೆ ಉಪಯೋಗಕ್ಕೆ ಬಂದೀತು.

ಕಡಿಮೆ ದುಡ್ಡಿನವೇ ಯಾಕೆ ಅಂತ ಗುಂಪಿನಲ್ಲೇ ಕೇಳಿದರು. ದೊಡ್ಡ ಸ್ಟುಡಿಯೋಗಳ ಹೆಸರಾಂತ ಸಿನಿಮಾಗಳು ಹೇಗೂ ಸಿಗುತ್ತವೆ, ಎಲ್ಲರೂ ನೋಡಿದ್ದಾರೆ. ಬಿಳಿ ಹೀರೊ, ಗುಡ್ಡದ ಮೇಲೆ ಸಾಲಾಗಿ ನಿಂತ ಹೆಸರಿಲ್ಲದ ಮೂಲನಿವಾಸಿಗಳು, ಅಡುಗೆಮನೆಯಲ್ಲಿ ಒಬ್ಬ ಕಪ್ಪು ಆಳು. ಅದನ್ನು ತೋರಿಸಿ ‘ನೋಡಿ, ಎಷ್ಟು ಅನ್ಯಾಯ’ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಆದರೆ ದುಡ್ಡಿಲ್ಲದ ನಿರ್ಮಾಪಕನ ಕಥೆ ಬೇರೆ. ಊರಿನ ದೊಡ್ಡ ಥಿಯೇಟರುಗಳು ಅವನಿಗೆ ಸಿಗುವುದಿಲ್ಲ. ಹಾಗಾಗಿ ಬೇರೆಯವರು ಕೈಬಿಟ್ಟ ಪ್ರೇಕ್ಷಕರನ್ನು ಅವನು ಹುಡುಕಿಕೊಂಡು ಹೋಗಬೇಕು. 1910ರಿಂದ 1940ರ ತನಕ ಇಂಥ ಹುಡುಕಾಟದಲ್ಲಿ ವಿಚಿತ್ರವಾದ, ಕೆಲವು ಸಲ ಅದ್ಭುತವಾದ ಸಿನಿಮಾಗಳು ಬಂದಿವೆ. ಕಪ್ಪುಜನರೇ ಹೀರೊ, ಶೆರಿಫ್ (ಊರಿನ ಪೊಲೀಸ್ ಅಧಿಕಾರಿ), ವಿಲನ್ ಎಲ್ಲ ಆಗಿರುವ ಸಿನಿಮಾ. ಮೂಲನಿವಾಸಿಗಳೇ ಪೂರ್ತಿ ತುಂಬಿರುವ, ಒಬ್ಬ ಬಿಳಿಯನೂ ಇಲ್ಲದ ಸಿನಿಮಾ. ಇವು ಒಳ್ಳೆಯ ಮನಸ್ಸಿನಿಂದಷ್ಟೇ ಬಂದವಲ್ಲ. ಟಿಕೆಟ್ ಯಾರು ಕೊಳ್ಳುತ್ತಾರೆ, ಶೂಟಿಂಗ್ ಜಾಗ ಯಾರದು, ಇವೆರಡನ್ನು ಕೇಳಿಕೊಂಡರೆ ಅರ್ಧ ಗುಟ್ಟು ಬಿಚ್ಚಿಕೊಳ್ಳುತ್ತದೆ. ಇಡೀ ಸರಣಿಯನ್ನು ನಾನು ಕಟ್ಟಿದ್ದು ಈ ಎರಡು ಪ್ರಶ್ನೆಗಳ ಮೇಲೆ.

ಮೊದಲು ಪ್ರತಿಗಳ ಮಾತು. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ ಈ ಕಾಲದ ಚಿತ್ರಗಳಿಗೆ ತೊಂದರೆಯಿಲ್ಲ. ಆದರೆ ಈಚೆಗೆ ದುರಸ್ತಿ ಮಾಡಿ ಹೊಸ ಸಂಗೀತ ಕೂರಿಸಿದ ಪ್ರತಿಯಾದರೆ ಆ ಸಂಗೀತದ ಹಕ್ಕು ಬೇರೆ, ಅದನ್ನು ವಿಚಾರಿಸಿಯೇ ಮುಂದುವರಿಯಬೇಕು. ಹಳೇ ಸಿನಿಮಾಗಳನ್ನು ಕೂಡಿಟ್ಟಿರುವ ಇಂಟರ್‌ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಒಂದೇ ಸಿನಿಮಾದ ನಾಲ್ಕೈದು ಪ್ರತಿ ಸಿಗುವುದುಂಟು. ಚಿತ್ರ ಚೆನ್ನಾಗಿರುವುದನ್ನು ನೋಡಿ ಡೌನ್‌ಲೋಡ್ ಮಾಡಬೇಡಿ, ಧ್ವನಿ ಚೆನ್ನಾಗಿರುವುದನ್ನು ಮಾಡಿ. ಸಬ್‌ಟೈಟಲ್ ಮಾಡಲು ಕೂತಾಗ ಕಿವಿಗೆ ಬೀಳದ ಮಾತಿಗೆ ಏನೂ ಮಾಡೋಕಾಗಲ್ಲ. ಈಗಿನ ತಂತ್ರಾಂಶಗಳು ತಾವೇ ಮಾತು ಬರೆದುಕೊಡುತ್ತವೆ, ನಿಜ. ಆದರೆ 1939ರ ಕರಕರ ಸದ್ದಿನಲ್ಲಿ ಅವು ಕುದುರೆಯ ಕೆನೆತವನ್ನೂ ಮಾತು ಅಂದುಕೊಳ್ಳುತ್ತವೆ. ಹೆಡ್‌ಫೋನ್ ಹಾಕಿಕೊಂಡು ಕೂತು ಕೇಳುವುದೇ ದಾರಿ.

ಕನ್ನಡ ಅಕ್ಷರದ್ದು ಇನ್ನೊಂದು ಕಾಟ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಪರದೆಯ ಅಂಚಿಗೆ ತೀರಾ ಹತ್ತಿರ ಸಾಲು ಕೂರಿಸಿದರೆ ‘ಕೃಷ್ಣ’ದ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಕೆಳಗಿನ ಮಾರ್ಜಿನ್ ಧಾರಾಳವಾಗಿ ಬಿಡಿ. ಇನ್ನು ಕೌಬಾಯ್ ಸಿನಿಮಾ ಅಂದ್ರೆ ಮರಳುಗಾಡು, ಅದೂ ಕಪ್ಪುಬಿಳುಪಿನಲ್ಲಿ. ಬಿಳಿ ಮರಳಿನ ಮೇಲೆ ಬಿಳಿ ಅಕ್ಷರ ಕಾಣುವುದೇ ಇಲ್ಲ. ಅಕ್ಷರದ ಸುತ್ತ ದಪ್ಪ ಕಪ್ಪು ಗೆರೆ ಬೇಕೇ ಬೇಕು. ಮೂಕಿ ಚಿತ್ರಗಳಿಗೆ ನಾನು ಸಬ್‌ಟೈಟಲ್ ಹಾಕಲೇ ಇಲ್ಲ. ನಡುನಡುವೆ ಬರುವ ಬರಹದ ಫಲಕಗಳನ್ನು ಕನ್ನಡದಲ್ಲಿ ಬರೆದುಕೊಂಡು, ನಾಟಕ ಮಾಡುವ ಗೆಳತಿಯೊಬ್ಬಳಿಗೆ ಮೈಕ್ ಕೊಟ್ಟೆ. ಅವಳು ಓದುತ್ತಾ ಹೋದಳು, ಹಾರ್ಮೋನಿಯಂ ನುಡಿಸುವ ಹಿರಿಯರೊಬ್ಬರು ಪಕ್ಕದಲ್ಲಿ ಕೂತರು. ಜನ ಕದಲದೆ ನೋಡಿದರು.

ಬಾಗಿಲಲ್ಲೇ ಎಲ್ಲರಿಗೂ ಒಂದೊಂದು ಚೀಟಿ ಕೊಡುತ್ತಿದ್ದೆ. ಅದರಲ್ಲಿ ನಾಲ್ಕೇ ಕಾಲಂ: ಹೆಸರು, ಕುದುರೆ, ಮಾತು, ಕ್ಲೋಸಪ್. ಯಾವ ಪಾತ್ರಕ್ಕೆ ಹೆಸರಿದೆ, ಯಾರಿಗೆ ಏರಲು ಕುದುರೆ ಸಿಗುತ್ತದೆ, ಯಾರ ಬಾಯಲ್ಲಿ ಪೂರ್ತಿ ವಾಕ್ಯ ಬರುತ್ತದೆ, ಕ್ಯಾಮೆರಾ ಯಾರ ಮುಖದ ಹತ್ತಿರ ಹೋಗುತ್ತದೆ. ತಲೆ ಎಣಿಸಿ ‘ಇಷ್ಟು ಜನ ಕಪ್ಪುಜನ ಇದ್ದಾರೆ’ ಅನ್ನುವ ಲೆಕ್ಕ ನನಗೆ ಅಷ್ಟು ಹಿಡಿಸುವುದಿಲ್ಲ. ಗುಂಪಿನಲ್ಲಿ ನೂರು ಜನ ನಿಂತಿರಬಹುದು, ಅವರಲ್ಲಿ ಒಬ್ಬರಿಗೂ ಹೆಸರಿಲ್ಲದಿದ್ದರೆ ಏನು ಬಂತು? ಕುದುರೆ ಕಾಲಂ ತಮಾಷೆಗೆ ಸೇರಿಸಿದ್ದು. ಕೊನೆಗೆ ನೋಡಿದರೆ ಅದೇ ಜಾಸ್ತಿ ಉಪಯೋಗಕ್ಕೆ ಬಂತು. ಕೌಬಾಯ್ ಸಿನಿಮಾದಲ್ಲಿ ನಡೆದುಕೊಂಡು ಹೋಗುವವನಿಗೆ ಬೆಲೆಯಿಲ್ಲ.

ಶುರುವಿಗೆ ಹಿನ್ನೆಲೆ ಸ್ವಲ್ಪ ಹೇಳಲೇಬೇಕಿತ್ತು. ನಿಜವಾದ ಕೌಬಾಯ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಕಪ್ಪುಮನುಷ್ಯ ಇದ್ದಿರಬಹುದು ಅಂತ ಇತಿಹಾಸಕಾರರ ಅಂದಾಜು. ಮೆಕ್ಸಿಕನ್ನರಂತೂ ಈ ಕಸುಬಿನ ಗುರುಗಳು. ಹಗ್ಗ ಬೀಸುವುದು, ಜೀನು ಕಟ್ಟುವುದು ಎಲ್ಲ ಅವರಿಂದ ಬಂದದ್ದು. ಸಿನಿಮಾ ಬಂದಾಗ ಇದೆಲ್ಲ ಮಾಯ. ಮೆಕ್ಸಿಕನ್ನರನ್ನು ಹೀಯಾಳಿಸುವ ‘ಗ್ರೀಸರ್’ ಅನ್ನುವ ಬೈಗುಳ ನೇರವಾಗಿ ಸಿನಿಮಾದ ಹೆಸರಿನಲ್ಲೇ ಇರುತ್ತಿತ್ತು. 1911ರಲ್ಲಿ ‘ಟೋನಿ ದ ಗ್ರೀಸರ್’, 1914ರಲ್ಲಿ ‘ಬ್ರಾಂಕೊ ಬಿಲ್ಲಿ ಅಂಡ್ ದ ಗ್ರೀಸರ್’. ಇದು ಎಲ್ಲಿಗೆ ಮುಟ್ಟಿತು ಅಂದರೆ, ತಮ್ಮ ಜನರನ್ನು ಅವಮಾನಿಸುವ ಕಂಪನಿಗಳ ಸಿನಿಮಾಗಳನ್ನೇ ಮೆಕ್ಸಿಕೊ ಸರ್ಕಾರ 1922ರಲ್ಲಿ ತಡೆಹಿಡಿಯಿತು. ಆ ಬ್ರಾಂಕೊ ಬಿಲ್ಲಿಯಾಗಿ ಕುಣಿದ ಗಿಲ್ಬರ್ಟ್ ಆಂಡರ್ಸನ್‌ರ ಹುಟ್ಟುಹೆಸರು ಮ್ಯಾಕ್ಸ್ ಆರನ್ಸನ್, ಯಹೂದಿ ಮನೆತನ. ಅಮೆರಿಕದ ಮೊದಲ ಕೌಬಾಯ್ ಸ್ಟಾರ್ ತನ್ನ ಹೆಸರನ್ನು ಬದಲಿಸಿಕೊಂಡೇ ಕುದುರೆ ಹತ್ತಿದ್ದು. ಇದನ್ನು ಹೇಳಿದಾಗ ಹಾಲ್‌ನಲ್ಲಿ ಸಣ್ಣ ಗುಸುಗುಸು.

ಮೊದಲ ದಿನ ತೋರಿಸಿದ್ದು 1910ರ ‘ವೈಟ್ ಫಾನ್ಸ್ ಡಿವೋಷನ್’. ಸುಮಾರು ಹನ್ನೊಂದು ನಿಮಿಷದ್ದು. ನಿರ್ದೇಶಕ ಜೇಮ್ಸ್ ಯಂಗ್ ಡಿಯರ್, ಅಮೆರಿಕದ ಮೂಲನಿವಾಸಿಗಳಲ್ಲಿ ಮೊದಲ ಸಿನಿಮಾ ನಿರ್ದೇಶಕ ಅಂತ ಹೆಸರಾದವರು. ಫ್ರಾನ್ಸಿನ ಪಾಥೆ ಕಂಪನಿಗೆ ಕೆಲಸ ಮಾಡುತ್ತಿದ್ದರು. ಕಥೆ ಸರಳ. ಬಿಳಿಯ ಗಂಡನಿಗೆ ದೂರದಿಂದ ಆಸ್ತಿಯ ಸುದ್ದಿ ಬರುತ್ತದೆ. ಇನ್ನು ಇವನು ತನ್ನನ್ನು ಬಿಟ್ಟು ಹೋಗುತ್ತಾನೆ ಅಂದುಕೊಂಡು ಮೂಲನಿವಾಸಿ ಹೆಂಡತಿ ಚೂರಿಯಿಂದ ತಿವಿದುಕೊಳ್ಳುತ್ತಾಳೆ. ಪುಟ್ಟ ಮಗಳು ನೋಡಿ, ಅಪ್ಪನೇ ಕೊಂದ ಅಂದುಕೊಂಡು ಹಟ್ಟಿಗೆ ಓಡುತ್ತಾಳೆ. ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ. ಕೊನೆಗೆ ಸಾಯದೆ ಉಳಿದ ಹೆಂಡತಿ ಬಂದು ಅವನನ್ನು ಬಿಡಿಸಿಕೊಳ್ಳುತ್ತಾಳೆ. ನಟನೆ ಕೈಕಾಲು ಬೀಸಾಟ, ನಿಜ. ಆದರೆ ಆ ಕಾಲದಲ್ಲಿ ಇಂಥ ಜೋಡಿಯನ್ನು ತೋರಿಸಿದ ಸಿನಿಮಾಗಳಲ್ಲಿ ಹೆಂಡತಿ ಸಾಯುವುದು ಬಹುಮಟ್ಟಿಗೆ ಗ್ಯಾರಂಟಿ. ಇಲ್ಲಿ ಸಂಸಾರ ಉಳಿಯುತ್ತದೆ. ಯಂಗ್ ಡಿಯರ್ ಅವರ ಹೆಂಡತಿ ಲಿಲಿಯನ್ ಸೇಂಟ್ ಸಿರ್, ಸಿನಿಮಾ ಹೆಸರು ರೆಡ್ ವಿಂಗ್, ಹೋಚಂಕ್ ಬುಡಕಟ್ಟಿನವರು. 1914ರಲ್ಲಿ ಹಾಲಿವುಡ್‌ನ ಮೊದಲ ದೊಡ್ಡ ಚಿತ್ರಗಳಲ್ಲಿ ಒಂದಾದ ‘ದ ಸ್ಕ್ವಾ ಮ್ಯಾನ್’ನಲ್ಲಿ ಅವರದ್ದು ಮುಖ್ಯ ಪಾತ್ರ. ಅದರಲ್ಲಿ ಮಾತ್ರ ಹೆಂಡತಿ ಸಾಯುತ್ತಾಳೆ. ದುಡ್ಡು ಜಾಸ್ತಿಯಾದಷ್ಟೂ ಹಳೇ ರೂಢಿಗೆ ಅಂಟಿಕೊಳ್ಳುವುದು ಹೆಚ್ಚು ಅನ್ನುವ ನನ್ನ ಅನುಮಾನ ಅಲ್ಲಿಂದ ಶುರು.

ಸರಣಿಯಲ್ಲಿ ಜಾಸ್ತಿ ಮಾತು ಎಬ್ಬಿಸಿದ್ದು ಆಸ್ಕರ್ ಮಿಶೋ ಅವರ 1920ರ ‘ದ ಸಿಂಬಲ್ ಆಫ್ ದಿ ಅನ್‌ಕಾಂಕರ್ಡ್’. ಮಿಶೋ ದಕ್ಷಿಣ ಡಕೋಟಾದಲ್ಲಿ ಸರ್ಕಾರಿ ಜಮೀನು ಹಿಡಿದು ತಾವೇ ಉತ್ತ ಕಪ್ಪು ರೈತ. ಕಾದಂಬರಿ ಬರೆದು ಮನೆಮನೆಗೆ ಹೋಗಿ ಮಾರಿದರು. ಆಮೇಲೆ ಅದನ್ನೇ ಸಿನಿಮಾ ಮಾಡಲು ಅಯೋವಾದ ಸೂ ಸಿಟಿ ಸುತ್ತಮುತ್ತಲಿನ ರೈತರಿಗೆ ಷೇರು ಮಾರಿ ದುಡ್ಡು ಎತ್ತಿದರು. 1919ರ ಆ ಮೊದಲ ಸಿನಿಮಾ ‘ದ ಹೋಮ್‌ಸ್ಟೆಡರ್’ ಈಗ ಎಲ್ಲೂ ಇಲ್ಲ. ‘ಸಿಂಬಲ್’ ಕೂಡ ಬೆಲ್ಜಿಯಂನ ಸಂಗ್ರಹಾಲಯದಲ್ಲಿ ಒಂದು ಪ್ರತಿ ಉಳಿದದ್ದರಿಂದ ನಮಗೆ ಸಿಕ್ಕಿದೆ.

ಈವ್ ಅನ್ನುವ ಹುಡುಗಿ, ತಾತ ಬಿಟ್ಟುಹೋದ ಜಮೀನಿಗಾಗಿ ಪಶ್ಚಿಮಕ್ಕೆ ಬರುತ್ತಾಳೆ. ರಾತ್ರಿ ತಂಗಲು ಹೋಟೆಲಿಗೆ ಹೋದರೆ ಮಾಲೀಕ ಡ್ರಿಸ್ಕಲ್ ಅವಳು ಕಪ್ಪುಜನಾಂಗದವಳು ಅಂತ ಗೊತ್ತಾಗಿ ಕೊಟ್ಟಿಗೆಗೆ ಅಟ್ಟುತ್ತಾನೆ. ಮಜಾ ಅಂದರೆ ಆ ಡ್ರಿಸ್ಕಲ್ ಕೂಡ ಕಪ್ಪುತಾಯಿಯ ಮಗ, ಬಿಳಿಯನ ಹಾಗೆ ವೇಷ ಹಾಕಿಕೊಂಡು ಬದುಕುತ್ತಿರುವವನು. ಅವನ ಮುಖ ನೋಡಿ: ಈವ್‌ಳನ್ನು ನೋಡಿದಾಗ ಬರುವ ಸಿಟ್ಟಿನಲ್ಲಿ ಅರ್ಧ ಹೆದರಿಕೆ. ಕುದುರೆ ಕಾಲಂನಲ್ಲಿ ಎಲ್ಲರೂ ಈವ್ ಹೆಸರು ಬರೆದಿದ್ದರು. ಅಪಾಯ ಬಂದಾಗ ಅವಳೇ ಕುದುರೆ ಹತ್ತಿ ಹೋಗುತ್ತಾಳೆ. ಮುಖಕ್ಕೆ ಮುಸುಕು ಹಾಕಿಕೊಂಡ ಸವಾರರು ಪಂಜು ಹಿಡಿದು ಜಮೀನು ಕಸಿಯಲು ಬರುವ ದೃಶ್ಯ ಇದೆ. ಕಪ್ಪುಜನರ ಮೇಲೆ ದಾಳಿ ಮಾಡುತ್ತಿದ್ದ ಮುಸುಕಿನ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಅನ್ನು ವೀರರ ಹಾಗೆ ತೋರಿಸಿದ ಸಿನಿಮಾ ಅಮೆರಿಕವನ್ನೆಲ್ಲ ಕುಣಿಸಿ ಆಗಿನ್ನೂ ಐದು ವರ್ಷ. ಅದೇ ಮುಸುಕಿನವರನ್ನು ಇಲ್ಲಿ ಕಳ್ಳರ ಗುಂಪಿನ ಹಾಗೆ ತೋರಿಸಿದ್ದಾರೆ. ದುರದೃಷ್ಟ, ಆ ಹೊಡೆದಾಟದ ಮುಖ್ಯ ಭಾಗವೇ ಉಳಿದ ಪ್ರತಿಯಲ್ಲಿ ಕಳೆದುಹೋಗಿದೆ. ಕಾಣೆಯಾದ ಜಾಗದಲ್ಲಿ ಏನಿತ್ತು ಅಂತ ಗೆಳತಿ ಓದಿ ಹೇಳಿದಳು.

ಇಷ್ಟೆಲ್ಲ ಮೆಚ್ಚಿಕೊಂಡು ಕೂತಿದ್ದವರು ಒಂದು ಕಡೆ ಬೆಚ್ಚಿಬಿದ್ದರು. ವಿಲನ್ ಗುಂಪಿನಲ್ಲಿ ರುಮಾಲು ಸುತ್ತಿಕೊಂಡ ಒಬ್ಬ ಬರುತ್ತಾನೆ. ಹೆಸರು ಟುಗಿ, ಪಾತ್ರ ‘ಇಂಡಿಯನ್ ಫಕೀರ’. ಅಂದರೆ ನಮ್ಮ ಕಡೆಯವನು! ಮಾಡಿದವರು ಲೀ ವಿಪರ್ ಅನ್ನುವ ಕಪ್ಪು ನಟ.

“ಇವನ್ಯಾರು ಮೇಡಂ, ನಮ್ಮೋನಾ?” ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ. ಹಾಲ್ ಪೂರ್ತಿ ನಗು. ಆದರೆ ಆಮೇಲೆ ಚರ್ಚೆಯೆಲ್ಲ ಅವನ ಸುತ್ತಲೇ ನಡೆಯಿತು. ತಮ್ಮ ಜನರನ್ನು ಸರಿಯಾಗಿ ತೋರಿಸಬೇಕು ಅಂತ ಷೇರು ಮಾರಿ ಸಿನಿಮಾ ಮಾಡಿದ ಮನುಷ್ಯ, ಭಾರತದವನು ಬೇಕಾದಾಗ ಪೇಟೆಯಲ್ಲಿ ಸಿಗುವ ರೆಡಿಮೇಡ್ ಗೊಂಬೆಯನ್ನೇ ತಂದು ನಿಲ್ಲಿಸಿದರಲ್ಲ ಅಂತ ಒಬ್ಬಳಿಗೆ ಕೋಪ. ಬ್ಯಾಂಕಿನಿಂದ ರಿಟೈರ್ ಆದ ರಾಯರೊಬ್ಬರು ಬರುತ್ತಾರೆ, ಅವರು ಅಂದರು: “ನೋಡಮ್ಮಾ, 1920ರಲ್ಲಿ ಆತ ಭಾರತೀಯರನ್ನು ಎಲ್ಲಿ ನೋಡಿರಬೇಕು? ಸರ್ಕಸ್ಸಿನಲ್ಲಿ ನೋಡಿರಬೇಕು.” ಅವಳು ಬಿಡಲಿಲ್ಲ. “ಹಾಗಾದ್ರೆ ಬಿಳಿಯರು ಕಪ್ಪುಜನರನ್ನು ಎಲ್ಲಿ ನೋಡಿದ್ರು ಸರ್? ಅವರಿಗೂ ಅದೇ ಮಾಫಿ ಕೊಡ್ತೀರಾ?” ರಾಯರು ಸುಮ್ಮನಾದರು. ನನಗನ್ನಿಸಿದ್ದು, ಹುಡುಗಿಯ ಮಾತೇ ಸರಿ. ಹಾಗಂತ ಸಿನಿಮಾದ ಬೆಲೆ ಕಡಿಮೆಯೇನೂ ಆಗಲಿಲ್ಲ. ಒಂದೇ ರೀಲಿನಲ್ಲಿ ಎರಡೂ ಇದ್ದದ್ದು ನಮ್ಮ ಸರಣಿಗೆ ಒಳ್ಳೆಯದೇ ಆಯಿತು.

ರಿಚರ್ಡ್ ನಾರ್ಮನ್ ಅವರ ಕೌಬಾಯ್ ಸಿನಿಮಾಗಳನ್ನು ತೋರಿಸುವ ಹಾಗಿರಲಿಲ್ಲ, ಪೂರ್ತಿಯಾಗಿ ಉಳಿದಿಲ್ಲ. ಇವರು ಫ್ಲಾರಿಡಾದ ಜಾಕ್ಸನ್‌ವಿಲ್‌ನ ಬಿಳಿಯ ನಿರ್ಮಾಪಕ. ಕಪ್ಪು ಪ್ರೇಕ್ಷಕರಿಗಾಗಿಯೇ ಸಿನಿಮಾ ಮಾಡುತ್ತಿದ್ದರು. 1920ರ ದಶಕದ ಶುರುವಿನಲ್ಲಿ ‘ದ ಬುಲ್‌ಡಾಗರ್’, ‘ದ ಕ್ರಿಮ್ಸನ್ ಸ್ಕಲ್’ ಅಂತ ಎರಡು ಕೌಬಾಯ್ ಚಿತ್ರ ತೆಗೆದರು. ಜಾಗ ಒಕ್ಲಹೋಮಾದ ಬೋಲಿ. ಅದು ಕಪ್ಪುಜನರೇ ಕಟ್ಟಿಕೊಂಡ ಊರು. ಅಂಗಡಿ, ಬ್ಯಾಂಕು, ಪೊಲೀಸು ಎಲ್ಲ ಅವರದ್ದೇ. ಸೆಟ್ ಹಾಕುವ ಖರ್ಚಿಲ್ಲ, ‘ಇವನು ಶೆರಿಫ್ ಆಗಲು ಸಾಧ್ಯವಾ’ ಅಂತ ಯಾರೂ ಕೇಳುವ ಹಾಗಿಲ್ಲ. ನಾನು ಪೋಸ್ಟರನ್ನೇ ಪರದೆ ಮೇಲೆ ದೊಡ್ಡದಾಗಿ ಹಾಕಿದೆ. ಮೈಮೇಲೆ ಎಲುಬಿನ ಚಿತ್ರ ಬರೆದ ಉಡುಪು ತೊಟ್ಟ ಡಕಾಯಿತ, ಜೊತೆಗೆ ನಟರ ಹೆಸರು: ಅನಿಟಾ ಬುಷ್, ಲಾರೆನ್ಸ್ ಶೆನಾಲ್ಟ್, ಒಂಟಿಗಾಲಿನ ಸಾಹಸಿ ಸ್ಟೀವ್ ರೆನಾಲ್ಡ್ಸ್, ಬಿಲ್ ಪಿಕೆಟ್. ಈ ಪಿಕೆಟ್ ನಟನಲ್ಲ, ಅಸಲಿ ಕೌಬಾಯ್. ಓಡುವ ಹೋರಿಯ ಮೇಲೆ ಕುದುರೆಯಿಂದ ನೆಗೆದು, ಕೊಂಬು ತಿರುಚಿ, ಅದರ ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಉರುಳಿಸುತ್ತಿದ್ದವರು. ಆ ಆಟವನ್ನು ಕಂಡುಹಿಡಿದವರೇ ಅವರು. ಹೋರಿ ಹಬ್ಬ ನೋಡಿದ ಹಾವೇರಿ ಕಡೆಯ ಹುಡುಗನೊಬ್ಬ ಮುಂದೆ ಬಂದು ಫೋಟೋವನ್ನು ಎಷ್ಟೋ ಹೊತ್ತು ನೋಡಿದ.

ಹಾಗೆಯೇ ಒಕ್ಲಹೋಮಾದ್ದೇ ಇನ್ನೊಂದು, 1920ರ ‘ದ ಡಾಟರ್ ಆಫ್ ಡಾನ್’. ವಿಚಿಟಾ ಗುಡ್ಡಗಳಲ್ಲಿ ತೆಗೆದದ್ದು. ಸುಮಾರು 300 ಜನ ಕಯೋವಾ ಮತ್ತು ಕಮಾಂಚಿ ಬುಡಕಟ್ಟಿನವರು ಅಭಿನಯಿಸಿದ್ದಾರೆ. ಕಮಾಂಚಿಗಳ ದೊಡ್ಡ ನಾಯಕ ಕ್ವಾನಾ ಪಾರ್ಕರ್ ಅವರ ಮಗ ವೈಟ್ ಪಾರ್ಕರ್ ಹೀರೊ, ಮಗಳು ವನಾಡಾ ಇನ್ನೊಂದು ಮುಖ್ಯ ಪಾತ್ರ. ಬಟ್ಟೆ, ಡೇರೆ, ಕುದುರೆ ಎಲ್ಲ ಅವರೇ ಮನೆಯಿಂದ ತಂದದ್ದು. ನಿರ್ಮಾಪಕನ ಲೆಕ್ಕದಲ್ಲಿ ಅದು ಉಳಿತಾಯ. ನಮಗೆ ಈಗ ಅದೇ ನಿಧಿ. ದೊಡ್ಡ ಸ್ಟುಡಿಯೋ ಆಗಿದ್ದರೆ ಗೋದಾಮಿನಿಂದ ಒಂದೇ ತರದ ಗರಿಯ ಟೋಪಿ ತಂದು ಎಲ್ಲರ ತಲೆಗೂ ಇಡುತ್ತಿದ್ದರು. ಕಥೆ ಮಾತ್ರ ಇಬ್ಬರು ಹುಡುಗರು ಒಬ್ಬಳೇ ಹುಡುಗಿ, ಧೈರ್ಯ ಪರೀಕ್ಷೆಗೆ ಬಂಡೆಯಿಂದ ಹಾರುವುದು, ಇತ್ಯಾದಿ. ಬರೆದು ನಿರ್ದೇಶಿಸಿದವರು ಬಿಳಿಯರೇ. ಕಥೆಯಲ್ಲಿ ಆ ಜನರದ್ದು ಅನ್ನುವಂಥದ್ದು ಕಡಿಮೆ, ಚೌಕಟ್ಟಿನೊಳಗೆ ಅವರದ್ದೇ ಎಲ್ಲ. ಎಷ್ಟೋ ವರ್ಷ ಕಾಣೆಯಾಗಿದ್ದ ಇದು 2005ರ ಹೊತ್ತಿಗೆ ನಾರ್ತ್ ಕೆರೊಲಿನಾದಲ್ಲಿ ಒಬ್ಬರ ಹತ್ತಿರ ಸಿಕ್ಕಿತು. ಒಕ್ಲಹೋಮಾ ಇತಿಹಾಸ ಸಂಸ್ಥೆ ಅದನ್ನು ದುರಸ್ತಿ ಮಾಡಿಸಿತು. ತೋರಿಸುವಾಗ ನಾನು ಮಾಡಿದ್ದು ಇಷ್ಟೇ: ಕಾಡೆಮ್ಮೆಗಳ ಬೇಟೆಯ ಭಾಗ ಬಂದಾಗ ಒಮ್ಮೆ ನಿಲ್ಲಿಸಿ, ಹಿಂದೆ ನಿಂತ ಮುದುಕರನ್ನೂ ಮಕ್ಕಳನ್ನೂ ನೋಡಲು ಹೇಳಿದೆ. ಕಥೆಗೂ ಅವರಿಗೂ ಸಂಬಂಧವಿಲ್ಲ, ಅವರು ಅವರ ಪಾಡಿಗೆ ಇದ್ದಾರೆ.

ಇನ್ನು ಟಾಕಿ. ಜನ ಸೀಟಿ ಹೊಡೆದದ್ದು ಹರ್ಬ್ ಜೆಫ್ರೀಸ್‌ಗೆ. ಇವರು ಜಾಜ್ ಹಾಡುಗಾರ, ಆಮೇಲೆ ಡ್ಯೂಕ್ ಎಲಿಂಗ್ಟನ್ ತಂಡದಲ್ಲಿ ಹಾಡಿ ಹೆಸರು ಮಾಡಿದವರು, ನೂರು ವರ್ಷ ಬದುಕಿ 2014ರಲ್ಲಿ ತೀರಿಕೊಂಡರು. ಬ್ಯಾಂಡ್ ಜೊತೆ ಅಮೆರಿಕದ ದಕ್ಷಿಣದಲ್ಲಿ ಸುತ್ತುವಾಗ ಕಪ್ಪುಜನರಿಗೇ ಮೀಸಲಾದ ಥಿಯೇಟರುಗಳಲ್ಲೂ ಬಿಳಿ ಕೌಬಾಯ್‌ಗಳ ಸಿನಿಮಾವೇ ಓಡುತ್ತಿದ್ದುದನ್ನು ನೋಡಿದರು. ಇಷ್ಟು ಪ್ರೇಕ್ಷಕರಿದ್ದಾರೆ, ಇವರ ಹೀರೊ ಎಲ್ಲಿ? ಹಾಡುವ ಕಪ್ಪು ಕೌಬಾಯ್ ಸಿನಿಮಾ ಮಾಡೋಣ ಅಂತ ಜೆಡ್ ಬ್ಯುಯೆಲ್ ಅನ್ನುವ ಅಗ್ಗದ ಸಿನಿಮಾಗಳ ನಿರ್ಮಾಪಕನನ್ನು ಒಪ್ಪಿಸಿದರು. 1937ರಲ್ಲಿ ‘ಹಾರ್ಲೆಮ್ ಆನ್ ದ ಪ್ರೇರಿ’ ಬಂತು. ಆಮೇಲೆ ರಿಚರ್ಡ್ ಕಾನ್ ನಿರ್ದೇಶನದಲ್ಲಿ ‘ಟೂ ಗನ್ ಮ್ಯಾನ್ ಫ್ರಮ್ ಹಾರ್ಲೆಮ್’, ‘ದ ಬ್ರಾಂಜ್ ಬಕರೂ’, ‘ಹಾರ್ಲೆಮ್ ರೈಡ್ಸ್ ದ ರೇಂಜ್’. ಎಲ್ಲ ಒಂದು ಗಂಟೆಯ ಆಸುಪಾಸು. ಶೂಟಿಂಗ್ ಕ್ಯಾಲಿಫೋರ್ನಿಯಾದ ಮೊಹಾವಿ ಮರಳುಗಾಡಿನಲ್ಲಿ, ವಿಕ್ಟರ್‌ವಿಲ್ ಹತ್ತಿರದ ಮರ್ರೇ ರ‍್ಯಾಂಚ್‌ನಲ್ಲಿ. ನೋಲಿ ಮತ್ತು ಲೀಲಾ ಮರ್ರೇ ಅನ್ನುವ ಕಪ್ಪು ದಂಪತಿಯ ಅತಿಥಿಗೃಹ ಅದು. ಬಾಕ್ಸರ್ ಜೋ ಲೂಯಿ ಕೂಡ ಬಂದು ತಂಗಿದ್ದ ಜಾಗ. ಕಪ್ಪು ಪ್ರವಾಸಿಗಳಿಗೆ ಹೋಟೆಲುಗಳಲ್ಲಿ ರೂಮೇ ಕೊಡದ ಕಾಲದಲ್ಲಿ ಇಡೀ ತಂಡ ನೆಮ್ಮದಿಯಿಂದ ಉಂಡು, ಮಲಗಿ, ಬೆಳಿಗ್ಗೆ ಎದ್ದು ಕುದುರೆ ಹತ್ತಬಹುದಾದ ಊರು ಬೇಕಿತ್ತು. ಮತ್ತೆ ಅದೇ ಮಾತು ಬಂತು ನೋಡಿ, ಜಾಗ ಯಾರದು.

ನಾನು ಆರಿಸಿದ್ದು 1939ರ ‘ದ ಬ್ರಾಂಜ್ ಬಕರೂ’. ಹೀರೊ ಬಾಬ್ ಬ್ಲೇಕ್, ಕುದುರೆ ಸ್ಟಾರ್‌ಡಸ್ಕ್, ಗೆಳೆಯ ಡಸ್ಟಿ. ಕಾಣೆಯಾದ ಸ್ನೇಹಿತ, ಅವನ ತಂಗಿ, ಜಮೀನಿನಡಿ ಚಿನ್ನ. ಕಥೆ ಎಲ್ಲ ಬಿಳಿ ಕೌಬಾಯ್ ಸಿನಿಮಾಗಳಿಂದ ಎತ್ತಿದ್ದೇ, ಅದರಲ್ಲಿ ಗುಟ್ಟೇನೂ ಇಲ್ಲ. ಡಸ್ಟಿಗೆ ಒಬ್ಬ ‘ಮಾತಾಡುವ ಹೇಸರಗತ್ತೆ’ಯನ್ನು ಮಾರಿ ಟೋಪಿ ಹಾಕುವ ದೃಶ್ಯ ಇದೆ. ಮಾರುವವನು ತುಟಿ ಅಲ್ಲಾಡಿಸದೆ ಮಾತಾಡುತ್ತಾನೆ, ಡಸ್ಟಿ ಕತ್ತೆಯ ಬಾಯಿ ನೋಡುತ್ತಾನೆ. ನಮ್ಮ ಹಾಲ್‌ನಲ್ಲಿ ನಗು ನಿಲ್ಲಲಿಲ್ಲ. ವಿಲನ್ ಆಗಿರುವ ಕ್ಲಾರೆನ್ಸ್ ಬ್ರೂಕ್ಸ್ 1931ರ ‘ಆರೋಸ್ಮಿತ್’ನಲ್ಲಿ ಗಂಭೀರ ಕಪ್ಪು ಡಾಕ್ಟರ್ ಪಾತ್ರ ಮಾಡಿ ಹೊಗಳಿಸಿಕೊಂಡವರು. ಆ ಮೇಲೂ ದೊಡ್ಡ ಸ್ಟುಡಿಯೋಗಳು ಅಂಥ ಪಾತ್ರಗಳನ್ನು ಸಾಲಾಗಿ ತಂದುಕೊಡಲಿಲ್ಲ. ಇಲ್ಲಿ ಅವರು ಮೀಸೆ ಮರೆಯಲ್ಲಿ ನಗುವ ಕೇಡಿಗ. ನೋಡಲು ಎಷ್ಟು ಖುಷಿ ಅಂದರೆ, ಕಪ್ಪು ನಟನಿಗೆ ಕೆಟ್ಟವನಾಗುವ ಸ್ವಾತಂತ್ರ್ಯವೂ ಬೇಕು ಅಂತ ಅವತ್ತು ಗಟ್ಟಿಯಾಗಿ ಅನ್ನಿಸಿತು. ಒಳ್ಳೆಯವರು ಮಾತ್ರ ಇರುವ ‘ಪ್ರಾತಿನಿಧ್ಯ’ ಬೇಜಾರು.

ಚೀಟಿಯಲ್ಲಿ ಕ್ಲೋಸಪ್ ಕಾಲಂ ತುಂಬಿದ ಹುಡುಗನೊಬ್ಬ ಎದ್ದು ಕೇಳಿದ: “ಎಲ್ಲರೂ ಕಪ್ಪುಜನ ಅಂದ್ರಿ. ಆದ್ರೆ ಹೀರೊ ಬೆಳ್ಳಗಿದ್ದಾನೆ, ಹೀರೊಯಿನ್ ಬೆಳ್ಳಗಿದ್ದಾಳೆ, ಕಾಮಿಡಿ ಮಾಡೋನು ಮಾತ್ರ ಕಪ್ಪಗೆ. ನಮ್ಮ ಸಿನಿಮಾದಲ್ಲೂ ಹಿಂಗೇ ಅಲ್ವಾ?” ಹೌದು ಅನ್ನದೆ ಬೇರೆ ದಾರಿಯಿರಲಿಲ್ಲ. ಜೆಫ್ರೀಸ್‌ರ ತಾಯಿ ಐರಿಷ್ ಮೂಲದವರು. ಅವರ ಬಣ್ಣ ತಿಳಿಯಾಯಿತು ಅಂತ ಮೇಕಪ್ ಹಚ್ಚಿ ಕಪ್ಪಾಗಿಸಿದರು ಅಂತ ಅವರೇ ಹೇಳಿಕೊಂಡಿದ್ದಾರೆ. ಅಷ್ಟಾದರೂ ಡಸ್ಟಿಯ ಪಕ್ಕ ನಿಂತರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬಿಳಿಯರೇ ಇಲ್ಲದ ಊರಿನಲ್ಲೂ ಬಿಳಿಬಣ್ಣದ ಬೆಲೆ ಇಳಿದಿರಲಿಲ್ಲ. ಇನ್ನೊಂದನ್ನು ಯಾರೂ ಹೇಳಲಿಲ್ಲ, ನಾನೇ ಹೇಳಿದೆ: ಕಥೆ ನಡೆಯುವ ಆ ಅರಿಜೋನಾದಲ್ಲಿ ಮೂಲನಿವಾಸಿಗಳ ಸುಳಿವೇ ಇಲ್ಲ.

ಕೊನೆಗೆ ಇಟ್ಟುಕೊಂಡದ್ದು 1938ರ ‘ದ ಟೆರರ್ ಆಫ್ ಟೈನಿ ಟೌನ್’. ಪೂರ್ತಿ ಅಲ್ಲ, ಹತ್ತು ನಿಮಿಷದ ತುಣುಕು. ಪಾತ್ರಧಾರಿಗಳೆಲ್ಲ ಕುಳ್ಳರು. ಕುದುರೆಯ ಬದಲು ಶೆಟ್ಲೆಂಡ್ ತಟ್ಟುಗಳು. ಸಲೂನಿನ ತೂಗುಬಾಗಿಲನ್ನು ತಳ್ಳದೆ ಅದರ ಅಡಿಯಿಂದಲೇ ನುಸುಳಿ ಒಳಗೆ ಹೋಗುತ್ತಾರೆ. ಇದನ್ನು ಇಡಲು ಕಾರಣ, ನಿರ್ಮಾಪಕ ಅದೇ ಜೆಡ್ ಬ್ಯುಯೆಲ್, ನಿರ್ದೇಶಕ ‘ಹಾರ್ಲೆಮ್ ಆನ್ ದ ಪ್ರೇರಿ’ ಮಾಡಿದ ಅದೇ ಸ್ಯಾಮ್ ನ್ಯೂಫೀಲ್ಡ್. ಒಂದು ವರ್ಷದ ಅಂತರ. ಜೆಫ್ರೀಸ್‌ಗೆ ಅದು ಕನಸು. ಬ್ಯುಯೆಲ್‌ಗೆ ಎರಡೂ ಪೋಸ್ಟರ್ ಮೇಲೆ ಬರೆಯಲು ಸಿಗುವ ಒಂದು ಹೊಸ ಸಾಲು. ಇದು ಗೊತ್ತಾದ ಮೇಲೆ ಹಿಂದಿನ ವಾರ ಸೀಟಿ ಹೊಡೆದವರಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೂ ಈ ಕುಳ್ಳ ನಟರಿಗೆ ಹೀರೊ, ವಿಲನ್, ಪ್ರೇಮಿ ಆಗುವ ಅವಕಾಶ ಇನ್ನೆಲ್ಲಿತ್ತು ಅಂತ ಒಬ್ಬರು ವಾದಿಸಿದರು. ಅವರಲ್ಲಿ ಬಹಳ ಜನ ಮರುವರ್ಷ ‘ದ ವಿಜರ್ಡ್ ಆಫ್ ಓಜ್’ನಲ್ಲಿ ಮಂಚ್‌ಕಿನ್‌ಗಳಾದರು, ಅಂದರೆ ಆ ಕಥೆಯ ಕುಳ್ಳಜನರ ಗುಂಪಿನಲ್ಲಿ ನಿಂತರು. ದೊಡ್ಡ ಸಿನಿಮಾ, ಸಣ್ಣ ಪಾತ್ರ. ನಾಲ್ಕು ಕಾಲಂನ ಚೀಟಿಯಲ್ಲಿ ಟೈನಿ ಟೌನ್‌ಗೆ ಎಲ್ಲ ಕಡೆ ಪೂರ್ತಿ ಅಂಕ ಬಂತು. ಆದರೆ ನೋಡಿದವರಲ್ಲಿ ಅರ್ಧ ಜನಕ್ಕೆ ಅದು ಅವಮಾನ ಅನ್ನಿಸಿತ್ತು. ಅಂದರೆ ನನ್ನ ಚೀಟಿ ಸಾಲುವುದಿಲ್ಲ. ಈಗ ಐದನೇ ಕಾಲಂ ಸೇರಿಸಿದ್ದೇನೆ: ನಗು ಯಾರ ಮೇಲೆ?

ಹೆಂಗಸರ ಭಾಗ ಈ ಸರಣಿಯಲ್ಲಿ ಕಡಿಮೆಯಾಯಿತು ಅಂತ ಗೆಳತಿಯ ತಕರಾರು. ಹಾಗಾಗಿ ಮುಂದಿನದಕ್ಕೆ ಡೊರೊಥಿ ಪೇಜ್ ಸಿಕ್ಕಿದ್ದಾರೆ. ಗ್ರ್ಯಾಂಡ್ ನ್ಯಾಷನಲ್ ಅನ್ನುವ ಸಣ್ಣ ಕಂಪನಿ 1939ರಲ್ಲಿ ಅವರನ್ನು ಹಾಡುವ ಕೌಗರ್ಲ್ ಮಾಡಿ ಮೂರು ಸಿನಿಮಾ ತೆಗೆಯಿತು, ಅಲ್ಲಿಗೆ ಕಂಪನಿಯೇ ಮುಳುಗಿತು. ‘ವಾಟರ್ ರಸ್ಲರ್ಸ್’ ಪ್ರತಿಯ ಧ್ವನಿ ಪರವಾಗಿಲ್ಲ, ಹಾಡುಗಳಿಗೆ ಸಬ್‌ಟೈಟಲ್ ಬೇಡ ಅಂತ ನಿರ್ಧರಿಸಿದ್ದೇನೆ. ಮಾತುಗಳನ್ನು ಬರೆದುಕೊಳ್ಳುವ ಕೆಲಸ ಅರ್ಧ ಆಗಿದೆ.